ಮೂರನೆಯ ಟೈರು

"ಇದು ಬರೀ ಸವೆತ ಅಲ್ಲ ಮೇಷ್ಟ್ರೇ," ಎಂದು ಟೈರು ಅಂಗಡಿಯವನು ಬಿಚ್ಚಿಟ್ಟ ಚಕ್ರದ ಪಕ್ಕಕ್ಕೆ ಹೆಬ್ಬೆರಳು ಒತ್ತಿ ತೋರಿಸಿದ. "ಇಲ್ಲಿ ರಬ್ಬರೇ ಕಿತ್ತು ಬಂದಿದೆ. ಒಳಗಿನ ದಾರ ಕಾಣ್ತಿದೆ ನೋಡಿ. ಎಡಗಡೆ ಎರಡೂ ಹೀಗೇ. ಬಲಗಡೆಯವು ಸವೆದಿದ್ರೂ ಪಕ್ಕದಲ್ಲಿ ಒಂದು ಗೀರಿಲ್ಲ."

"ನಮ್ಮ ಬೀದಿ ಫುಟ್‌ಪಾತು ಹಾಗಿದೆಯಪ್ಪ," ಎಂದರು ಮಾವ. "ನಾಲ್ಕನ್ನೂ ಬದಲಾಯಿಸೋಕೇ ತಾನೆ ಬಂದಿರೋದು? ಪೋಸ್ಟ್‌ಮಾರ್ಟಂ ಯಾಕೆ?"

ಸೊಸೆ ನಕ್ಕಂತೆ ಮಾಡಿದಳು. ಅದೇ ಬೀದಿಯಲ್ಲಿ ಅಕ್ಕಪಕ್ಕದವರೂ ಕಾರು ನಿಲ್ಲಿಸುತ್ತಾರೆ, ಅವರ ಟೈರು ಯಾರೋ ಕಚ್ಚಿ ತಿಂದಂತೆ ಕಾಣುವುದಿಲ್ಲ. ಹೋದ ತಿಂಗಳು ಮನೆಯ ಗೇಟಿನ ಎಡಗಂಬ ಕಾರಿಗೆ ಬಡಿದಿತ್ತು. ಹೌದು, ಮಾವ ಹೇಳಿದ್ದು ಹಾಗೇ: ಗೇಟು ಕಾರಿಗೆ ಬಡಿಯಿತು. ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದ ಮೇಷ್ಟ್ರು ಹಾಗೆಂದರೆ ಗೇಟೇ ತಪ್ಪೊಪ್ಪಿಕೊಳ್ಳಬೇಕು.

ಕಾರೂ ಅಂಥಾದ್ದೇ. ಮುಂದೆ ಪಂದ್ಯಕ್ಕೆ ಬಿಡಬಹುದಾದ ಎಂಜಿನ್ನು, ಹಿಂದೆ ಒಂದು ಮಂಚವನ್ನೇ ತುರುಕಬಹುದಾದ ಉದ್ದನೆಯ ಬೆನ್ನು. ಅತ್ತೆ ಬದುಕಿದ್ದಾಗ ಅದನ್ನು 'ಚಕ್ರ ಇರೋ ಅಟ್ಟ' ಎನ್ನುತ್ತಿದ್ದರು. ಹಾಗಂದುಕೊಂಡೇ ಅದರ ಪಕ್ಕದ ಸೀಟಿನಲ್ಲಿ ಕೂತು ಕಾಣದ ಊರುಗಳನ್ನೆಲ್ಲ ಸುತ್ತಿ ಬಂದಿದ್ದರು. "ಕಾರಿನ ವಿಷಯ ಅಪ್ಪನ ಹತ್ರ ಎತ್ತಬೇಡ," ಎಂದು ಗಂಡ ಇವತ್ತೂ ಹೇಳಿಯೇ ಕೆಲಸಕ್ಕೆ ಹೋಗಿದ್ದ. "ಅಮ್ಮ ಹೋದ್ಮೇಲೆ ಅವರಿಗೆ ಉಳಿದಿರೋದು ಅದೊಂದೇ."

ಹೇಳುವುದು ಸುಲಭ. ದಿನಾ ಮಧ್ಯಾಹ್ನ ಮಗಳು ಪುಟ್ಟಿಯನ್ನು ಶಾಲೆಯಿಂದ ಕರೆತರುವುದು ಆ ಕಾರು. ಪುಟ್ಟಿ ಕೂರುವುದು ಹಿಂದಿನ ಸೀಟಿನಲ್ಲಿ, ಎಡಗಡೆ. ಮಕ್ಕಳು ಫುಟ್‌ಪಾತಿನ ಕಡೆಗೇ ಇಳಿಯಬೇಕು ಎಂಬುದು ಅಜ್ಜನ ಕಾನೂನು. ಇವತ್ತೂ ಟೈರು ಹಾಕಿಸಿಕೊಂಡು ಇಲ್ಲಿಂದಲೇ ಸೀದಾ ಶಾಲೆಗೆ ಹೋಗುವುದೆಂದು ಬೆಳಿಗ್ಗೆಯೇ ತೀರ್ಮಾನವಾಗಿತ್ತು. ಗೋಡೆಯ ಗಡಿಯಾರ ಆಗಲೇ ಅವಸರ ಮಾಡುತ್ತಿತ್ತು.

ಅಂಗಡಿಯವನು ನಮೂನೆಗೊಂದರಂತೆ ಹೊಸ ಟೈರುಗಳನ್ನು ಒಂದೊಂದಾಗಿ ಉರುಳಿಸಿ ತಂದು ಕಟ್ಟೆಗೆ ಸಾಲಾಗಿ ಒರಗಿಸಿದ. ಇನ್ನೇನು ಬಾಯಿ ತೆರೆಯಬೇಕು, ಒಳಗೆ ಫೋನು ಹೊಡೆದುಕೊಂಡಿತು. "ನೋಡ್ತಾ ಇರಿ, ಬಂದೆ," ಎಂದು ಹೋದ.

ಮಾವ ಕನ್ನಡಕ ಏರಿಸಿ ಬಗ್ಗಿದರು. ಬಲತುದಿಯ ಟೈರಿನ ಮೇಲೆ ಉಗುರು ಒತ್ತಿದರು. "ಇದು ಕಲ್ಲು. ಮೊಮ್ಮಗಳ ಮದುವೆ ತನಕ ಬರುತ್ತೆ, ಒದ್ದೆ ರಸ್ತೇಲಿ ಮಾತ್ರ ಸೋಪು." ನಡುವಿನದಕ್ಕೆ ಕೈಯಿಟ್ಟರು. "ಇದು ಬೆಣ್ಣೆ. ತಿರುವಿನಲ್ಲಿ ಅಂಟಿಕೊಳ್ಳುತ್ತೆ, ಆದ್ರೆ ವರ್ಷದೊಳಗೆ ಬೋಳು." ನೆಟ್ಟಗೆ ನಿಂತು ಕೈ ಒರೆಸಿಕೊಂಡವರ ಮುಖ ಬಿಗಿದಿತ್ತು. "ನೋಡಿದ್ಯಾ ಇವನ ಬುದ್ಧಿ? ನಡುವೆ ನೀರು ಹರಿಯೋ ಅಗಲ ಕಾಲುವೆ ಇರೋದು ಬೇಕು, ಮಳೇಲಿ ಬ್ರೇಕು ಹಿಡೀಬೇಕು, ಮಗು ಕೂರೋ ಗಾಡಿ ಅಂತ ನಿನ್ನೆ ಬಾಯಿಬಿಟ್ಟು ಹೇಳಿದ್ದೆ. ಇದೆ ಅಂದ. ಈಗ ನೋಡಿದ್ರೆ ಎರಡೇ ತಂದಿಟ್ಟಿದ್ದಾನೆ. ಮುದುಕನಿಗೆ ಏನು ಬೇಕಾದ್ರೂ ದಾಟಿಸಬಹುದು ಅಂದ್ಕೊಂಡ!"

ಸೊಸೆ ಕಟ್ಟೆಯ ಕಡೆ ನೋಡಿದಳು.

ಮೂರನೆಯ ಟೈರು ಮಾವನ ಎಡಗಡೆಯೇ ಇತ್ತು. ನಡುವೆ ಅಗಲ ಕಾಲುವೆ. ಅವರು ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ತಮಾಷೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದಳು. ಇಲ್ಲ, ಕೋಪ ನಿಜವಾದದ್ದೇ. ಈಚೆಗೆ ಊಟ ಮುಗಿಸಿ ಏಳುವಾಗ ಅವರ ತಟ್ಟೆಯ ಎಡಬದಿಯಲ್ಲಿ ಪಲ್ಯ ಹಾಗೆಯೇ ಉಳಿದಿರುತ್ತಿತ್ತು. ತನ್ನ ಅಡುಗೆ ಹಿಡಿಸುತ್ತಿಲ್ಲವೆಂದು ಅವಳು ಒಳಗೊಳಗೇ ಮುನಿಸಿಕೊಂಡಿದ್ದಳು. ಅಯ್ಯೋ ದೇವರೇ, ಅವರು ಅದನ್ನು ಬಿಟ್ಟಿದ್ದಲ್ಲ, ಕಂಡೇ ಇರಲಿಲ್ಲ.

ಒಂದು ಗಳಿಗೆ ಅವಳಿಗೆ ಕೆಟ್ಟ ಯೋಚನೆಯೂ ಬಂತು. ಆ ಟೈರನ್ನು ಮೆಲ್ಲಗೆ ಬಲಕ್ಕೆ ಉರುಳಿಸಿಬಿಟ್ಟರಾಯಿತು. ಅಂಗಡಿಯವನು ಈಗ ತಂದಿಟ್ಟ ಎಂದರೆ ಮುಗಿಯಿತು. ಮಾವನ ಮರ್ಯಾದೆ ಉಳಿಯುತ್ತದೆ, ಗಂಡನ ಮಾತೂ ಉಳಿಯುತ್ತದೆ. ಕೈ ಮುಂದೆ ಹೋಗಿ ರಬ್ಬರನ್ನು ಮುಟ್ಟಿಯೂ ಆಗಿತ್ತು. ಆಚೆ ಜಾಕಿನ ಮೇಲೆ ನಿಂತ ಕಾರಿನ ಹಿಂಬಾಗಿಲು ಕಣ್ಣಿಗೆ ಬಿತ್ತು. ಎಡಗಡೆಯ ಕಿಟಕಿಗೆ ಪುಟ್ಟಿ ಅಂಟಿಸಿದ ಮೀನಿನ ಚಿತ್ರ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಮಾವ, ಮೂರಿವೆ."

"ಏನು ಮೂರು?"

"ಟೈರು. ನೀವು ಹೇಳಿದ್ದು ನಿಮ್ಮ ಎಡಗಡೆ ಇದೆ."

ಮಾವ ಎಡಕ್ಕೆ ಕಣ್ಣು ಹೊರಳಿಸಿದರು. ಸಾಲಲಿಲ್ಲ. ಕತ್ತು ತಿರುಗಿಸಿದರು. ಟೈರು ಕಂಡಿತು.

"ಇದನ್ನ ಯಾವಾಗ ತಂದಿಟ್ಟ?"

"ಮೊದಲಿಂದಲೂ ಅಲ್ಲೇ ಇತ್ತು."

"ಸುಳ್ಳು ಹೇಳಬೇಡ!" ಎಂದು ಗದರಿದರು. ಅವರಿಂದ ಕಾರು ಕಲಿಯುವಾಗಲೂ ಅವಳು ಈ ದನಿಗೆ ಹೆದರುತ್ತಿದ್ದಳು. ಈಗ ಹೆದರಿಕೆಗಿಂತ ಸಂಕಟವೇ ಹೆಚ್ಚಾಯಿತು.

"ನಿಮ್ಮ ಹತ್ರ ನಾನು ಸುಳ್ಳು ಹೇಳಿದ್ದುಂಟಾ ಮಾವ?"

ಮಾವ ಮತ್ತೆ ನೇರಕ್ಕೆ ತಿರುಗಿ ನಿಂತರು. ಅವಳು ನೋಡುತ್ತಿದ್ದಂತೆಯೇ ಕತ್ತನ್ನು ಎಡಕ್ಕೆ ತಿರುಗಿಸಿದರು, ಪುನಃ ನೇರ ಮಾಡಿದರು, ಪುನಃ ಎಡಕ್ಕೆ. ಇದೆ, ಇಲ್ಲ, ಇದೆ. ಆಮೇಲೆ ಬಿಚ್ಚಿಟ್ಟ ಹಳೆಯ ಟೈರಿನ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತು, ಹರಿದ ರಬ್ಬರಿನ ಮೇಲೆ ಬೆರಳಾಡಿಸಿದರು.

"ಹೋದ ವಾರ ಒಬ್ಬ ಸೈಕಲ್‌ನವನು ಬೈದ," ಎಂದರು ತಲೆಯೆತ್ತದೆ. "ಎಲ್ಲಿಂದ ಉದುರಿದನೋ ಅಂದ್ಕೊಂಡೆ. ಪುಟ್ಟಿ ಹಿಂದೆ ಕೂತಿದ್ದಳು."

ಸೊಸೆ ಅವರ ಪಕ್ಕಕ್ಕೆ ಬಂದು ಕೂತಳು. "ನಾಳೆ ಡಾಕ್ಟರ ಹತ್ರ ಹೋಗೋಣ," ಎಂದಳು.

"ನಾಳೆ ಯಾಕೆ, ಇವತ್ತೇ ಹೋಗೋಣ," ಎಂದರು ಮಾವ.

ಅಂಗಡಿಯವನು ಕೈಯೊರೆಸಿಕೊಳ್ಳುತ್ತ ಹೊರಬಂದ. "ಯಾವುದು ಹಾಕಲಿ ಮೇಷ್ಟ್ರೇ?"

ಮಾವ ಮಂಡಿಗೆ ಕೈಕೊಟ್ಟು ಎದ್ದರು. "ಅವಳನ್ನ ಕೇಳಪ್ಪ," ಎಂದರು. "ಓಡಿಸೋಳು ಅವಳು."

ಅವಳು ಮೂರನೆಯದನ್ನು ತೋರಿಸಿದಳು.

ಚಕ್ರಗಳು ಏರಿ, ಕಾರು ನೆಲಕ್ಕಿಳಿಯಿತು. ಹೊರಡುವ ಮುಂಚೆ ಗಾಡಿಗೆ ಒಂದು ಸುತ್ತು ಬರುವುದು ಮಾವ ಶಿಷ್ಯರಿಗೆಲ್ಲ ಕಲಿಸಿದ ಮೊದಲ ಪಾಠ. ಇವತ್ತೂ ಬಂದರು, ಪ್ರತಿ ಟೈರನ್ನೂ ಅಂಗೈಯಲ್ಲಿ ತಟ್ಟಿದರು. ಸುತ್ತು ಮುಗಿದಾಗ ಬಲಬಾಗಿಲ ಹಿಡಿಯ ಮೇಲೆ ಅವರ ಕೈ ತಾನಾಗಿ ಕೂತಿತ್ತು. ಅದನ್ನು ಅವರು ಒಮ್ಮೆ ನೋಡಿ, ಅಂಗಿಯ ಜೇಬಿನಿಂದ ಕೀಲಿ ತೆಗೆದು ಸೊಸೆಗೆ ಕೊಟ್ಟು, ಆಚೆ ಬದಿಗೆ ಹೋಗಿ ಎಡಗಡೆಯ ಸೀಟಿನಲ್ಲಿ ಕೂತರು. ಮೇಷ್ಟ್ರಿಗೆ ಆ ಬದಿ ಹೊಸದಲ್ಲ, ಕಲಿಸುವಾಗೆಲ್ಲ ಕೂತದ್ದು ಅಲ್ಲೇ. ಈ ಕಾರಿನಲ್ಲಿ ಮಾತ್ರ ಅದು ಅತ್ತೆಯ ಸೀಟಾಗಿತ್ತು.

ಅಂಗಡಿಯ ಇಳಿಜಾರು ಮುಗಿದು ರಸ್ತೆ ಸೇರುವಲ್ಲಿ ಅವಳು ನಿಲ್ಲಿಸಿದಳು.

"ಎಡಗಡೆ ಏನಿದೆ?" ಎಂದರು ಮಾವ.

ಅದು ಹಳೆಯ ಪ್ರಶ್ನೆ. ಕಲಿಸುವಾಗ ಪ್ರತಿ ತಿರುವಿನಲ್ಲೂ ಕೇಳಿ, ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಿಸುತ್ತಿದ್ದರು. ಅವಳು ಮಾವನ ಕಡೆ ನೋಡಿದಳು. ಪರೀಕ್ಷೆ ಮಾಡುವ ಮುಖ ಅದಾಗಿರಲಿಲ್ಲ.

"ಸೈಕಲ್ ತಳ್ಳಿಕೊಂಡು ಒಬ್ಬರು ಹೆಂಗಸು ಬರ್ತಿದ್ದಾರೆ ಮಾವ. ಹಿಂದುಗಡೆ ಒಂದು ಹೂಕುಂಡ ಕಟ್ಟಿದ್ದಾರೆ."

ಮಾವ ಕತ್ತು ತಿರುಗಿಸಿದರು. ಸಾಲದೆ ಭುಜವನ್ನೂ ತಿರುಗಿಸಿದರು, ಹೂಕುಂಡ ಕಣ್ಣಿಗೆ ಬೀಳುವ ತನಕ.

"ಇದೆ," ಎಂದರು. "ಅವರು ದಾಟಲಿ. ಆಮೇಲೆ ಹೊರಡು."