ರಾಗಿಗೆ ಇಟ್ಟ ಕಲ್ಲು

ರಸ್ತೆ ಕೆಟ್ಟು ಕೆರ ಹಿಡಿದಿದ್ದಾಗಲೇ ಚೆನ್ನಾಗಿತ್ತು ಎಂದು ಬೃಂದಾ ಹೇಳಿದರೆ ಊರಿನವರು ನಗುತ್ತಿದ್ದರು. ನಗಲಿ. ಪಂಚನಹಳ್ಳಿ ಕಡೆಯಿಂದ ಕಡೂರಿಗೆ ಹೋಗುವ ಆ ರಸ್ತೆಯಲ್ಲಿ ಮೊದಲು ಎಮ್ಮೆ ಮಲಗುವಂಥ ಗುಂಡಿಗಳಿದ್ದವು. ಬಸ್ಸಿನವರಾಗಲಿ ಲಾರಿಯವರಾಗಲಿ ಸೀಗೇಕಟ್ಟೆ ಬಂತೆಂದರೆ ಗೇರು ಇಳಿಸಿ, ಗುಂಡಿಗೆ ಶಾಪ ಹಾಕುತ್ತ ತೆವಳಿಕೊಂಡು ಹೋಗುತ್ತಿದ್ದರು. ಊರು ರಸ್ತೆಯ ಈಚೆ, ಸರ್ಕಾರಿ ಪ್ರಾಥಮಿಕ ಶಾಲೆ ಆಚೆ. ಮಕ್ಕಳು ಗುಂಡಿಯಿಂದ ಗುಂಡಿಗೆ ಕುಂಟಾಬಿಲ್ಲೆ ಆಡಿಕೊಂಡೇ ದಾಟುತ್ತಿದ್ದವು. ಹೋದ ವರ್ಷ ರಸ್ತೆ ಅಗಲವಾಯಿತು, ಡಾಂಬರು ಬಿತ್ತು, ಊರಿನವರು ಕಂಟ್ರಾಕ್ಟರಿಗೆ ಹಾರ ಹಾಕಿ ಫೋಟೋ ತೆಗೆಸಿಕೊಂಡರು. ಅವತ್ತಿನಿಂದ ಆ ದಾರಿಯಲ್ಲಿ ಹೋಗುವವರಿಗೆ ಸೀಗೇಕಟ್ಟೆ ಎಂಬ ಊರೊಂದಿದೆ ಎನ್ನುವುದೇ ಮರೆತುಹೋಯಿತು.

ಶ್ರಾವಣದಲ್ಲಿ ಒಂದು ಸಂಜೆ, ಶಾಲೆ ಬಿಟ್ಟ ಹೊತ್ತಿನಲ್ಲಿ, ಹಾರಿಕೊಂಡು ಬಂದ ಒಂದು ಬೈಕಿನ ಹ್ಯಾಂಡಲ್ಲಿಗೆ ಬೃಂದಾಳ ಮಗಳು ಸ್ಫೂರ್ತಿಯ ಬ್ಯಾಗು ಸಿಕ್ಕಿಕೊಂಡಿತು. ಬ್ಯಾಗಿನ ಜೊತೆ ಹುಡುಗಿಯನ್ನೂ ಒಂದಷ್ಟು ದೂರ ಎಳೆದುಕೊಂಡು ಹೋದ ಆ ಮಹಾರಾಯ, ಬ್ಯಾಗಿನ ಪಟ್ಟಿ ಕಿತ್ತ ಮೇಲೆ ತಿರುಗಿಯೂ ನೋಡದೆ ಹೋದ. ಮೊಣಕೈ ಮುರಿದಿತ್ತು. ಮೂಳೆಯೇನೋ ಕೂಡಿತು. ಆದರೆ ಮೂರನೇ ಕ್ಲಾಸಿನ ಆ ಹುಡುಗಿ ಅಂದಿನಿಂದ ರಸ್ತೆಯ ಅಂಚಿಗೆ ಬಂದರೆ ಸಾಕು, ಕಾಲು ಕೀಲಿಸಿದ ಹಾಗೆ ನಿಂತುಬಿಡುತ್ತಿದ್ದಳು. ಅಮ್ಮನ ಕೈಯನ್ನು ಉಗುರು ನಾಟುವ ಹಾಗೆ ಹಿಡಿದುಕೊಳ್ಳದೆ ಹೆಜ್ಜೆ ಇಡುತ್ತಿರಲಿಲ್ಲ.

ಬೃಂದಾಳ ಗಂಡ ಮಹೇಂದ್ರ ಇದಕ್ಕೆ ತನ್ನ ಪರಿಹಾರವನ್ನು ಆಗಲೇ ಕಂಡುಕೊಂಡಿದ್ದ. ಪೇಟೆಯ ಕಾನ್ವೆಂಟಿನ ವ್ಯಾನು ಮನೆ ಬಾಗಿಲಿಗೇ ಬರುತ್ತದೆ, ಸಂಕ್ರಾಂತಿ ಕಳೆಯುತ್ತಲೇ ಮುಂದಿನ ವರ್ಷಕ್ಕೆ ಸೀಟು ಮಾಡಿಸುತ್ತೇನೆ ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ, ಅದೇ ಬೃಂದಾಳಿಗೆ ಸಂಕಟ. ಅವಳು ಶಾಲಾ ಸಮಿತಿಯ ಅಧ್ಯಕ್ಷೆ. ಸಂಬಳವೂ ಇಲ್ಲದ, ಸನ್ಮಾನವೂ ಇಲ್ಲದ ಆ ಕುರ್ಚಿ ಊರಿನ ಗಂಡಸರಿಗೆ ಯಾರಿಗೂ ಬೇಡವಾಗಿದ್ದರಿಂದ ಅವಳ ಪಾಲಿಗೆ ಬಂದಿತ್ತು. ಅಧ್ಯಕ್ಷೆಯ ಮಗಳೇ ವ್ಯಾನು ಹತ್ತಿದರೆ ಉಳಿದವರೂ ಹತ್ತುತ್ತಾರೆ. ಈಗಲೇ ಎರಡು ಕೋಣೆಯಲ್ಲಿ ಐದು ಕ್ಲಾಸು ಕೂತಿವೆ. ಮಕ್ಕಳು ಇನ್ನಷ್ಟು ಕಡಿಮೆಯಾದರೆ ಬಾಗಿಲಿಗೆ ಬೀಗ ಬೀಳುತ್ತದೆ, ವ್ಯಾನಿನ ಫೀಜು ಕಟ್ಟಲಾಗದವರ ಮಕ್ಕಳು ಕುರಿ ಹಿಂದೆ ಹೋಗುತ್ತವೆ. ಅವಳ ಮೈ ಉರಿಯಲು ಇನ್ನೊಂದು ಕಾರಣವಿತ್ತು: ಬೆಳಗ್ಗೆ ಶಾಲೆಯ ಮುಂದೆ ಎಲ್ಲರಿಗಿಂತ ಜೋರಾಗಿ ಹೋಗುತ್ತಿದ್ದುದೇ ಆ ಕಾನ್ವೆಂಟಿನ ವ್ಯಾನು.

ಶಾಲೆಯ ಮುಂದೆ ರಸ್ತೆಗೆ ಅಡ್ಡಲಾಗಿ ಹಂಪ್ಸ್ ಹಾಕಿಸಿ ಎಂದು ಅವಳು ರಸ್ತೆ ಆಫೀಸಿಗೆ ಅಲೆದಳು. ಒಂದು ದಿನ ಎಂಜಿನಿಯರ್ ಸೈಟಿಗೆ ಹೋಗಿದ್ದರು, ಇನ್ನೊಂದು ದಿನ ಮೀಟಿಂಗಿಗೆ, ಮತ್ತೊಂದು ದಿನ ಊಟಕ್ಕೆ. ಪಂಚಾಯ್ತಿಯವರು ರಸ್ತೆ ನಮ್ಮದಲ್ಲ ಎಂದು ಕೈ ತೊಳೆದುಕೊಂಡರು. ಕೊನೆಗೊಂದು ದಿನ ರಾಜಶೇಖರ್ ಎಂಬ ಆ ಎಂಜಿನಿಯರ್ ಸಿಕ್ಕಿದರು. ಒಳ್ಳೆಯ ಮನುಷ್ಯನೇ, ಕೂರಿಸಿ ಮಾತನಾಡಿಸಿದರು. ಹಂಪ್ಸನ್ನು ಕೇಳಿದವರಿಗೆಲ್ಲ ಹಾಕಲು ರೂಲ್ಸ್ ಒಪ್ಪುವುದಿಲ್ಲ, ಆ ಜಾಗದಲ್ಲಿ ಆಕ್ಸಿಡೆಂಟ್ ಆಗಿರುವುದಕ್ಕೆ ದಾಖಲೆ ಇರಬೇಕು ಎಂದರು. ಬೃಂದಾ ಮಗಳ ಮೊಣಕೈಯ ಎಕ್ಸ್-ರೇ ತೆಗೆದು ಮೇಜಿನ ಮೇಲಿಟ್ಟಳು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮರಳಿ ಕೊಟ್ಟರು.

"ದೊಡ್ಡದೇನೂ ಆಗಿಲ್ವಲ್ಲಮ್ಮ," ಎಂದರು.

ಏನು ಆದರೆ ದೊಡ್ಡದು ಎಂದು ಕೇಳಲು ಬೃಂದಾಳ ನಾಲಿಗೆ ಹೊರಳಲಿಲ್ಲ. ಬಾಯಿ ಬಿಟ್ಟು ಆ ಮಾತು ಆಡಿದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂದು ಹೆದರಿ ಎದ್ದು ಬಂದಳು. ಬಸ್ಸಿನಲ್ಲಿ ಇಡೀ ದಾರಿ ಹಲ್ಲು ಕಚ್ಚಿಕೊಂಡು ಕೂತಿದ್ದಳು.

ಊರಿನವರನ್ನಾದರೂ ದಾರಿಗೆ ತರೋಣವೆಂದು ಶಾಲೆಯಲ್ಲಿ ಸಭೆ ಕರೆದಳು. ಬಂದವರು ಟೀ ಕುಡಿದು, ಕಾಲ ಕೆಟ್ಟುಹೋಯಿತು ಎಂದು ಒಮ್ಮತದಿಂದ ಒಪ್ಪಿದರು. ನಾವೇ ಮಣ್ಣು ಹೊಡೆದು ಒಂದು ದಿಬ್ಬ ಮಾಡೋಣ ಎಂದಾಗ ಮಾತ್ರ ಒಬ್ಬೊಬ್ಬರಿಗೂ ಒಂದೊಂದು ನೆನಪಾಯಿತು. ತೆಂಗಿನಕಾಯಿ ಲೋಡು ಕುಲುಕಿದರೆ ಕಾಯಿ ಉದುರುತ್ತದೆ ಎಂದ ಒಬ್ಬ. ಶಾಲೆಯ ಎದುರು ಮನೆಯ ಓಬಳಪ್ಪನಂತೂ, ತನ್ನ ಮನೆ ಮುಂದೆ ಲಾರಿಗಳು ಬ್ರೇಕು ಹಾಕಿದರೆ ಆ ಸದ್ದಿಗೆ ಎಮ್ಮೆ ಹಾಲು ಇಳಿಸುವುದಿಲ್ಲ ಎಂದು ಎದ್ದೇ ಹೋದ. ಮಾರನೇ ಬೆಳಗ್ಗೆ, ಎಲ್ಲರೂ ನಿಧಾನಕ್ಕೆ ಓಡಿಸೋಣ ಎಂದು ಸಭೆಯಲ್ಲಿ ಕೈ ಎತ್ತಿದ್ದವರೇ, ಶಾಲೆಯ ಮುಂದೆ ಹಾಲಿನ ಕ್ಯಾನು ಗಡಗಡಿಸಿಕೊಂಡು ಹಾರಿಹೋದರು. ಅವರಲ್ಲಿ ಮಹೇಂದ್ರನೂ ಒಬ್ಬ.

ಹೀಗೆ ರಾಗಿ ಕೊಯ್ಲು ಬಂತು.

ರಾಗಿ ಕೊಯ್ದ ಮೇಲೆ ಸೀಗೇಕಟ್ಟೆಯವರಿಗೆ ಆ ರಸ್ತೆಯೇ ಕಣ. ಒಕ್ಕುವಾಗ ವಾಹನ ಹಾಯಲಿ ಎಂದು ತೆನೆ ಹರಡುತ್ತಾರೆ. ತೂರಿ ಕಾಳು ಮಾಡಿದ ಮೇಲೆ, ಹಾಯದಿರಲಿ ಎಂದು ಒಣಗುವ ರಾಗಿಯ ಸುತ್ತ ತಲೆಗಾತ್ರದ ಕಲ್ಲು ಇಡುತ್ತಾರೆ. ಖಾತೆ ಇಲ್ಲ, ಪಹಣಿ ಇಲ್ಲ, ಆದರೂ ಡಾಂಬರಿನ ಮೇಲೆ ಯಾರ ಜಾಗ ಎಲ್ಲಿಂದ ಎಲ್ಲಿಯವರೆಗೆ ಎನ್ನುವುದು ಮಕ್ಕಳಿಗೂ ಗೊತ್ತು. ಶಾಲೆಯಿಂದ ಒಂದಷ್ಟು ದೂರದ ಹಾಲಿನ ಡೈರಿಯ ಮುಂದಿನದು ಬೃಂದಾಳ ಅತ್ತೆ ಲಿಂಗಮ್ಮನ ಜಾಗ. ಶಾಲೆಯ ಮುಂದಿನದು ಓಬಳಪ್ಪನದು; ಅವನ ರಾಗಿ ಇನ್ನೂ ರಸ್ತೆಗೆ ಬಂದಿರಲಿಲ್ಲ.

ಒಂದು ಬೆಳಗ್ಗೆ ಮಗಳ ಕೈ ಹಿಡಿದು ಬಂದ ಬೃಂದಾಳಿಗೆ ಅತ್ತೆ ಡೈರಿಯ ಮುಂದೆ ಅರ್ಧ ರಸ್ತೆಗೆ ರಾಗಿ ಹರಡುತ್ತಿರುವುದು ಕಂಡು ತಲೆ ಕೆಟ್ಟಿತು. ಇದ್ದ ರಸ್ತೆಯನ್ನೂ ನೀವೇ ಹಿಡಿದುಕೊಂಡರೆ ಮಕ್ಕಳು ಎಲ್ಲಿ ನಡೆಯಬೇಕು, ಲಾರಿಯ ಮೇಲಾ ಎಂದು ರೇಗಿದಳು. ಲಿಂಗಮ್ಮ ಸೊಸೆಯ ರೇಗಾಟವನ್ನು ಕಿವಿಗೆ ಹಾಕಿಕೊಳ್ಳದೆ, ಕಾಲಿನಲ್ಲಿ ರಾಗಿ ಕೆದಕಿ ಗೆರೆ ಎಳೆಯುತ್ತಲೇ ಇದ್ದಳು. ಅಷ್ಟರಲ್ಲಿ ಜಲ್ಲಿ ತುಂಬಿದ ಟಿಪ್ಪರೊಂದು ಧೂಳೆಬ್ಬಿಸಿಕೊಂಡು ಬಂತು. ಬೃಂದಾ ಮಗಳನ್ನು ಹಿಂದಕ್ಕೆ ಎಳೆದುಕೊಂಡಳು. ಟಿಪ್ಪರು ಶಾಲೆಯ ಮುಂದೆ ಕಾಯುತ್ತಿದ್ದ ಮಕ್ಕಳನ್ನು ಕ್ಯಾರೇ ಎನ್ನದೆ ದಾಟಿತು, ಹಾರನ್ನನ್ನೂ ಮಾಡಲಿಲ್ಲ. ಆದರೆ ಡೈರಿಯ ಹತ್ತಿರ ಬರುತ್ತಲೇ ಅದರ ಬ್ರೇಕು ಕಿರುಗುಟ್ಟಿತು. ಕಲ್ಲುಗಳ ಬದಿಗೆ, ಹಸುಗೂಸನ್ನು ದಾಟುವವನ ಹಾಗೆ, ಮೆಲ್ಲಗೆ ಸರಿದು ಹೋಯಿತು. ಡ್ರೈವರು ತಲೆ ಹೊರಗೆ ಹಾಕಿ, ಒಂದು ಕಾಳೂ ತುಳಿದಿಲ್ಲ ಕಣಜ್ಜಿ ಎಂದು ಬೇರೆ ಹೇಳಿದ.

ಬೃಂದಾ ಅಲ್ಲೇ ನಿಂತಳು. ಆಮೇಲೆ ಬಂದ ಕಾರೂ ನಿಧಾನ ಮಾಡಿತು. ಬಸ್ಸೂ ಮಾಡಿತು. ಕಾನ್ವೆಂಟಿನ ವ್ಯಾನು ಕೂಡ ಮಾಡಿತು. ಅವಳಿಗೆ ನಗು ಬರಬೇಕಿತ್ತು, ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ದಿನ ಆಫೀಸು, ಅರ್ಜಿ, ಸಭೆ ಎಂದು ಬಾಯಿ ಬಡಿದುಕೊಂಡಿದ್ದೆಲ್ಲ ದಂಡ. ಬೇಕಾಗಿದ್ದುದು ನಾಲ್ಕು ಸೇರು ರಾಗಿ.

"ಅತ್ತೆ, ನಾಳೆಯಿಂದ ರಾಗೀನ ಸ್ಕೂಲ್ ಮುಂದೆ ಹಾಕಣ," ಎಂದಳು.

"ಅದು ಓಬಳಪ್ಪನ ಜಾಗ ಕಣೇ. ಅವ್ರಪ್ಪನ ಕಾಲದಿಂದ್ಲೂ ಅವ್ರದ್ದೇ," ಎಂದಳು ಲಿಂಗಮ್ಮ, ಸೊಸೆ ಯಾರದೋ ಹೊಲ ಉಳಲು ಹೊರಟವಳಂತೆ ಗಾಬರಿಯಾಗಿ.

ಓಬಳಪ್ಪ ಜಗಳಕ್ಕೇ ಬಂದ. ಸರ್ಕಾರದ ರಸ್ತೆಯ ಮೇಲಿನ ತನ್ನ ಹಕ್ಕನ್ನು ಅವನು ಸಮರ್ಥಿಸಿದ ರೀತಿಗೆ ಅಮಲ್ದಾರರೂ ತಲೆದೂಗಬೇಕು. ಈಚೆ ಬದಿ ಅವನದೇ ಇರಲಿ, ತಾವು ಆಚೆ ಬದಿಗೆ, ಒಂದಷ್ಟು ಮುಂದೆ ಹರಡುತ್ತೇವೆ ಎಂದು ಬೃಂದಾ ಎಷ್ಟೋ ಹೊತ್ತು ಗೋಗರೆದ ಮೇಲೆ ಗೊಣಗಿಕೊಂಡು ಒಪ್ಪಿದ. ಒಂದು ರಾಗಿ ಎಡಕ್ಕೆ, ಒಂದು ರಾಗಿ ಬಲಕ್ಕೆ. ಬಂದ ವಾಹನವೆಲ್ಲ ಒಮ್ಮೆ ಹೀಗೆ, ಒಮ್ಮೆ ಹಾಗೆ ಹೊರಳಿ, ಹಾವು ಸರಿದಂತೆ ಹೋಗಬೇಕಾಯಿತು. ನಡುವೆ ಮಕ್ಕಳು ದಾಟಿದವು. ಸ್ಫೂರ್ತಿಯೂ ದಾಟಿದಳು, ಅಮ್ಮನ ಕೈ ಹಿಡಿದುಕೊಂಡೇ; ಆದರೆ ಈಗ ಉಗುರು ನಾಟುತ್ತಿರಲಿಲ್ಲ.

ಎರಡೂ ಮನೆಯ ರಾಗಿ ಒಣಗಿತು. ಇನ್ನೂ ಒಣಗಿಸಿದರೆ ಮುದ್ದೆ ಕಟ್ಟುವುದಿಲ್ಲ ಎಂದು ಲಿಂಗಮ್ಮ ಹಟ ಹಿಡಿದು ಮೂಟೆ ಕಟ್ಟಿದಳು. ಬೃಂದಾ ಬೇರೆಯವರ ಮನೆ ಬಾಗಿಲು ತಟ್ಟಬೇಕಾಗಲಿಲ್ಲ. ಶಾಲೆಯ ಮುಂದೆ ಯಾರೂ ಕಾಳು ತುಳಿಯುವುದಿಲ್ಲ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಮಕ್ಕಳಿಗಾಗಿ ಸಭೆಗೆ ಬಾರದವರು ಹುರುಳಿಗಾಗಿ ಬೆಳಗಿನ ಜಾವಕ್ಕೇ ಬಂದು ಜಾಗ ಹಿಡಿದರು. ಹುರುಳಿ ಆಯಿತು, ಅವರೆ ಆಯಿತು, ಯಾರೋ ಕೊಬ್ಬರಿ ಹೋಳು ತಂದು ಹರಡಿದರು. ಇವರಿಗೆ ಬಯ್ಯಬೇಕೋ ಕೈ ಮುಗಿಯಬೇಕೋ ಬೃಂದಾಳಿಗೆ ತಿಳಿಯಲಿಲ್ಲ. ಮನಸ್ಸಿನಲ್ಲಿ ಬಯ್ದುಕೊಂಡೇ ಕಲ್ಲು ಸರಿಮಾಡುತ್ತಿದ್ದಳು.

ಸಂಕ್ರಾಂತಿಗೆ ಇನ್ನೇನು ಒಂದು ವಾರ ಎನ್ನುವಾಗ ಶಾಲೆಯ ಮುಂದೆ ಜೀಪು ಬಂದು ನಿಂತಿತು. ಎಂಜಿನಿಯರ್ ರಾಜಶೇಖರ್ ಇಳಿದರು. ಯಾರೋ ಕಾರಿನವರು ಫೋನಿನಲ್ಲಿ ಫೋಟೋ ತೆಗೆದು ಮೇಲಿನವರಿಗೆ ಕಳಿಸಿದ್ದರಂತೆ: ರಸ್ತೆಯಲ್ಲಿ ಕಾಳು, ಕಲ್ಲು, ವಾಹನಕ್ಕೆ ಅಪಾಯ. ಮಗುವಿನ ಕೈ ಮುರಿದರೆ ಬಾರದ ಜೀಪು ಕಾರಿನವನ ಕಿರಿಕಿರಿಗೆ ಎರಡೇ ದಿನದಲ್ಲಿ ಬಂದಿತ್ತು. ರಸ್ತೆಯಲ್ಲಿ ಧಾನ್ಯ ಒಣಗಿಸುವುದು ತಪ್ಪು, ಬೈಕಿನವರು ಜಾರಿ ಬಿದ್ದರೆ ಯಾರು ಹೊಣೆ ಎಂದು ಅವರು ಕೇಳಿದರು. ಆ ಮಾತು ಸುಳ್ಳೆನ್ನುವ ಹಾಗಿರಲಿಲ್ಲ; ಬೃಂದಾಳಿಗೂ ಆ ಭಯ ಇದ್ದೇ ಇತ್ತು.

"ತೆಗೀತೀವಿ ಸಾರ್," ಎಂದಳು. "ತೆಗೆದ ಮೇಲೆ ದಿನಾ ಬೆಳಗ್ಗೆ, ಸಂಜೆ ನೀವು ಬಂದು ಈ ಮಕ್ಳನ್ನ ದಾಟಿಸ್ಬಿಟ್ಟು ಹೋಗಿ. ನನ್ ಮಗಳು ಕೈ ಹಿಡ್ಕಂಡ್ರೆ ಸಾಕು, ದಾಟ್ತಾಳೆ."

ರಾಜಶೇಖರ್ ಸ್ಫೂರ್ತಿಯನ್ನು ನೋಡಿದರು, ಅವಳ ಕೈ ಕೊಂಚ ಸೊಟ್ಟಗೆ ಕೂಡಿದ್ದನ್ನೂ ನೋಡಿದರು. ಮೇಲಕ್ಕೆ ಬರೆಯುತ್ತೇನಮ್ಮ ಎಂದು, ಮುಖ ತಿರುಗಿಸಿ ಜೀಪು ಹತ್ತಿದರು.

ಬರೆದರೋ ಬಿಟ್ಟರೋ, ಬಂದದ್ದು ಮಾತ್ರ ಬೋರ್ಡು. ಸಂಕ್ರಾಂತಿಯ ಮಾರನೇ ದಿನ ಶಾಲೆಯ ಗೇಟಿನ ಪಕ್ಕದಲ್ಲೇ ಎರಡು ಕಬ್ಬಿಣದ ಕಂಬ ನೆಟ್ಟು ಹೊಚ್ಚಹೊಸ ಬೋರ್ಡು ಹೊಡೆದು ಹೋದರು. ಮರುದಿನ ಬೆಳಗ್ಗೆ ಮೊಮ್ಮಗಳನ್ನು ಬಿಡಲು ಸೊಸೆಯ ಜೊತೆ ಲಿಂಗಮ್ಮನೂ ಬಂದಿದ್ದಳು. ಅವಳಿಗೆ ಓದು ಬಾರದು. ಏನು ಬರೆದಿದ್ದಾರೆ ಎಂದು ಸ್ಫೂರ್ತಿಯನ್ನು ಕೇಳಿದಳು.

ಹುಡುಗಿ ಅಕ್ಷರ ಅಕ್ಷರವಾಗಿ ಓದಿದಳು. "ರಸ್ತೆಯ ಮೇಲೆ ಧಾನ್ಯ ಒಣಗಿಸಬಾರದು."

"ಅಷ್ಟೇನಾ? ಮಕ್ಳ ವಿಚಾರ ಏನೂ ಇಲ್ವಾ?"

"ಇಲ್ಲ ಅಜ್ಜಿ."

ಕಾಳು ಎತ್ತಿದ ರಸ್ತೆ ಬೋಳಾಗಿ ಬಿದ್ದಿತ್ತು. ಸ್ಫೂರ್ತಿಯ ಕಾಲು ಮತ್ತೆ ನಿಂತಿತು, ಉಗುರು ಮತ್ತೆ ಬೃಂದಾಳ ಅಂಗೈಗೆ ನಾಟಿತು. ಬೃಂದಾಳಿಗೆ ಸೋತುಹೋದಂತಾಯಿತು. ಸೀಟು ಮಾಡಿಸಿಬಿಡಿ ಎಂದು ಇವತ್ತೇ ಗಂಡನಿಗೆ ಹೇಳಿಬಿಡುತ್ತೇನೆ, ಈ ಶಾಲೆ, ಈ ಊರು, ಈ ರಸ್ತೆ ಏನಾದರೂ ಆಗಲಿ ಎಂದುಕೊಂಡಳು.

ಲಿಂಗಮ್ಮ ಬೋರ್ಡಿನ ಕಡೆಗೊಮ್ಮೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ರಸ್ತೆಯ ಬದಿಗೆ ಒಟ್ಟಿದ್ದ ಕಲ್ಲುಗಳಲ್ಲಿ ಒಂದನ್ನು ಎತ್ತಿ, ರಾಗಿ ಹರಡುತ್ತಿದ್ದ ಜಾಗದ ಮೂಲೆಗೆ ಇಟ್ಟಳು. ಇನ್ನೊಂದು ತಂದಿಟ್ಟಳು.

"ಅತ್ತೆ, ಕಾಳು ಹಾಕಂಗಿಲ್ಲ ಅಂತ ಬರ್ದಿದಾರೆ," ಎಂದಳು ಬೃಂದಾ.

"ಕಾಳು ಯಾರು ಹಾಕ್ತಾರೆ? ಕಾಳಿಗಿಟ್ಟ ಕಲ್ಲು ಮಕ್ಳಿಗೆ ಇಡ್ಬಾರ್ದಾ?"

ಎದುರು ಮನೆಯಿಂದ ಓಬಳಪ್ಪ ಬಂದ. ಇನ್ನು ಇವನ ಜಗಳ ಬೇರೆ ಎಂದು ಬೃಂದಾ ಹಣೆ ಚಚ್ಚಿಕೊಂಡಳು. ತನ್ನ ಜಾಗದಲ್ಲಿ ತನ್ನ ಕಲ್ಲು ತಾನೇ ಇಡುತ್ತೇನೆ, ಬೇರೆಯವರು ಮುಟ್ಟುವುದು ಬೇಡ ಎಂದು ಗುರ್ರೆಂದು, ಅವನು ಈಚೆ ಬದಿಗೆ ತನ್ನ ಕಲ್ಲು ಜೋಡಿಸಿದ. ಕಲ್ಲುಗಳ ನಡುವೆ, ರಾಗಿ ಒಣಗುತ್ತಿದ್ದ ಕಡೆ, ಮಕ್ಕಳು ಒಂದೊಂದಾಗಿ ಬಂದು ನಿಂತವು.

ಜಲ್ಲಿಯ ಟಿಪ್ಪರು ಬಂತು. ದೂರದಿಂದಲೇ ಕಲ್ಲು ಕಂಡು ಬ್ರೇಕು ಹಾಕಿತು, ಹತ್ತಿರ ಬಂದು ಪೂರ್ತಿ ನಿಂತಿತು. ಡ್ರೈವರು ಬಗ್ಗಿ ನೋಡಿದ. ರಾಗಿ ಕಾಣಲಿಲ್ಲ, ಬ್ಯಾಗು ಹೊತ್ತ ಮಕ್ಕಳು ಕಂಡವು. ಅವನು ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಕಾದ. ಅವನ ಹಿಂದೆ ಯಾವುದೋ ಬೈಕು ಬಿಡದೆ ಹಾರನ್ ಮಾಡುತ್ತಿತ್ತು. ಬೃಂದಾ ಕತ್ತು ಚಾಚಿ ನೋಡಿದರೆ ಹಿಂದೆ ತೆಂಗಿನಕಾಯಿ ಚೀಲ ಕಟ್ಟಿಕೊಂಡ ಮಹೇಂದ್ರ. ಹೆಂಡತಿಯ ಕಣ್ಣು ನೋಡಿದ್ದೇ ಹಾರನ್ನಿನಿಂದ ಬೆರಳು ತೆಗೆದ.

ಮಗಳನ್ನು ದಾಟಿಸಲು ಬೃಂದಾ ಹೆಜ್ಜೆ ಎತ್ತಿದಳು. ಅಂಗೈ ಖಾಲಿಯಾಗಿತ್ತು. ಸ್ಫೂರ್ತಿ ಆಗಲೇ ರಸ್ತೆಯ ನಡುವೆ ಇದ್ದಳು, ತನಗಿಂತ ಚಿಕ್ಕದೊಂದು ಮಗುವಿನ ಕೈ ಹಿಡಿದುಕೊಂಡು. ಆಚೆಯ ಕಲ್ಲುಗಳ ಒಳಗೆ ಹೋಗಿ ನಿಂತು ತಿರುಗಿದಳು.

"ಅಮ್ಮ, ಸಂಜೆ ಬರ್ಬೇಡ," ಎಂದು ಕೂಗಿದಳು. "ನಾನೇ ಬತ್ತೀನಿ."

ಬೃಂದಾ ಕೈ ಎತ್ತಿ ಆಗಲಿ ಎಂದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಕಲ್ಲನ್ನು ತೆಗೆಯಲು ಜೀಪು ಮತ್ತೆ ಬರುತ್ತದೆ, ಅದಕ್ಕೂ ಒಂದು ಬೋರ್ಡು ಬರುತ್ತದೆ, ಸೋಮವಾರ ಮತ್ತೆ ಆ ಆಫೀಸಿನ ಬೆಂಚಿನ ಮೇಲೆ ಕೂರಬೇಕು ಎಂದು ಅವಳಿಗೆ ಗೊತ್ತಿತ್ತು. ಮಹೇಂದ್ರ ಬೈಕನ್ನು ಮೆಲ್ಲಗೆ ತಂದು ಅವಳ ಪಕ್ಕ ನಿಲ್ಲಿಸಿದ. ಕಾನ್ವೆಂಟಿನ ಮಾತು ಎತ್ತಲಿಲ್ಲ. ಸಾಲಿನಿಂದ ಹೊರಗೆ ಸರಿದಿದ್ದ ಒಂದು ಕಲ್ಲನ್ನು ಕಾಲಿನಿಂದ ಒಳಗೆ ತಳ್ಳಿ, ನಿಧಾನವಾಗಿ ಹೋದ.