ಮೇಸ್ತ್ರಿಯ ಮೌನಕ್ಕೊಂದು ಸಾಲು

ಜಂಬಣ್ಣನವರ ಆಫೀಸು ಶಿವಮೊಗ್ಗದ ವಿನೋಬನಗರದಲ್ಲಿ, ಎರಕದ ಕಾರ್ಖಾನೆ ಭದ್ರಾವತಿಯಲ್ಲಿ. ದೂರವೇನೂ ಹೆಚ್ಚಿಲ್ಲ. ಆದರೂ ಪಂಪಿನ ಕವಚ ಆಯಿತಾ, ಅಚ್ಚು ಒಣಗಿತಾ, ಮರಳು ಬಂತಾ ಎಂದು ದಿನವಿಡೀ ಫೋನು. ಆ ಕಡೆ ಕುಲುಮೆಯ ಸದ್ದಿಗೆ ಯಾರಿಗೂ ರಿಂಗು ಕೇಳಿಸುತ್ತಿರಲಿಲ್ಲ.

"ಗ್ರೂಪಲ್ಲಿ ಕೇಳಿದ್ರೆ ತಾನೇ ಹೋಗಿ ಉತ್ತರ ತರೋ ಬಾಟ್ ಒಂದು ಮಾಡಮ್ಮ," ಎಂದರು ಜಂಬಣ್ಣ, ಮೂರು ತಿಂಗಳ ಮಟ್ಟಿಗೆ ಕೆಲಸಕ್ಕೆ ಸೇರಿದ್ದ ಅಮೂಲ್ಯಳಿಗೆ. "ನಡೀತು ಅಂದ್ರೆ ನೀನು ಪರ್ಮನೆಂಟು. ನಡೀಲಿಲ್ಲ ಅಂದ್ರೆ..." ಮುಂದಿನದನ್ನು ಅವರು ಹೇಳಲಿಲ್ಲ. ಹೇಳದೆ ಉಳಿದದ್ದು ಅಮೂಲ್ಯಳಿಗೆ ಯಾವಾಗಲೂ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಪೈಥಾನ್ ಭಾಷೆಯಲ್ಲಿ ಬರೆದ ಸಿದ್ಧ ಕೋಡಿನ ಒಂದು ಲೈಬ್ರರಿ ಅವಳಿಗೆ ಸಿಕ್ಕಿತು. ಸಂದೇಶ ಬಂದರೆ ಎಬ್ಬಿಸುವುದು, ನೆಟ್‌ವರ್ಕ್ ಕಡಿದರೆ ಮತ್ತೆ ಹಿಡಿದುಕೊಳ್ಳುವುದು, ಸಾಲಿನಲ್ಲಿ ಕಾದಿರುವವರನ್ನು ಮರೆಯದಿರುವುದು, ಇಂಥ ಕಷ್ಟದ ಕೆಲಸವನ್ನೆಲ್ಲ ಯಾರೋ ಮುಖ ಕಾಣದವರು ಮೊದಲೇ ಮಾಡಿಟ್ಟಿದ್ದರು. ಅವರ ಕೋಡನ್ನು ಅವಳು ಕತೆ ಓದಿದ ಹಾಗೆ ಓದಿದಳು. ಒಂದು ಪದವೂ ಹೆಚ್ಚಿಗೆ ಇರಲಿಲ್ಲ. ಯಾವ ಪ್ರಶ್ನೆಯನ್ನು ಯಾರ ಬಳಿ ಒಯ್ಯಬೇಕು, ಉತ್ತರವನ್ನು ಹೇಗೆ ತಂದು ಹೇಳಬೇಕು ಎಂಬುದಷ್ಟೇ ಅವಳ ಪಾಲಿಗೆ ಉಳಿದಿತ್ತು.

ಪ್ರಶ್ನೆ ತಲುಪಿದವರು ಉತ್ತರವನ್ನೇ ಕೊಡದಿದ್ದರೆ? ಆ ಜಾಗವನ್ನು ಲೈಬ್ರರಿ ಖಾಲಿ ಬಿಟ್ಟಿತ್ತು; ಬಾಟ್ ಬರೆಯುವವರೇ ತುಂಬಬೇಕು. ಆಫೀಸಿನಲ್ಲಿ ಒಂದು ಪದ್ಧತಿಯಿತ್ತು: ಜಂಬಣ್ಣ ಎಲ್ಲರಿಗೂ ಒಂದು ಚೀಟಿ ಕಳಿಸುವುದು, ಸಂಜೆಯೊಳಗೆ ಯಾರೂ ಬೇಡವೆನ್ನದಿದ್ದರೆ ಸಹಿ ಹಾಕುವುದು. ಮೌನವೆಂದರೆ ಸಮ್ಮತಿ. ಅಮೂಲ್ಯ ಅದನ್ನೇ ಕೋಡಿಗೆ ಇಳಿಸಿದಳು: ಹತ್ತು ನಿಮಿಷ ಉತ್ತರವಿಲ್ಲದಿದ್ದರೆ 'ಸರಿ'.

ಪರೀಕ್ಷೆಯ ದಿನ ಅವಳು ಭದ್ರಾವತಿಗೆ ಹೋದಳು. ಬೆಳಗ್ಗೆಯಿಂದ ಬಾಟ್ ತಪ್ಪಿಲ್ಲದೆ ಕೆಲಸ ಮಾಡುತ್ತಿತ್ತು. ಮರಳಿನ ಲಾರಿ ಎಲ್ಲಿದೆ ಎಂದು ಶಿವಮೊಗ್ಗದಿಂದ ಕೇಳಿದರೆ ಅರ್ಧ ನಿಮಿಷದಲ್ಲಿ ಉತ್ತರ.

"ಏನ್ ಮಾರಾಯ್ತಿ, ನನಗಿಂತ ಚುರುಕಾಗಿದೆಯಲ್ಲೇ ಇದು! ನನ್ನನ್ನ ಮನೆಗೆ ಕಳಿಸ್ತೀಯಾ ಹೇಗೆ?" ಎಂದು ಕಾರ್ಖಾನೆಯ ಸೂಪರ್‌ವೈಸರ್ ಶೀಲಾ ನಕ್ಕಳು. ಕುಲುಮೆಯಲ್ಲಿ ಕಬ್ಬಿಣ ಕರಗಿ ಸಿದ್ಧವಾಗಿತ್ತು. ಅವಳು ಗ್ರೂಪಿನಲ್ಲಿ ಕೇಳಿದಳು: ಏಳನೇ ಅಚ್ಚಿಗೆ ಸುರಿಯಬಹುದಾ?

ಬಾಟ್ ಆ ಪ್ರಶ್ನೆಯನ್ನು ಚೌಡಯ್ಯನವರ ಫೋನಿಗೆ ಒಯ್ದಿತು. ಚೌಡಯ್ಯ ಅಚ್ಚಿನ ಮೇಸ್ತ್ರಿ. ಮೂವತ್ತೊಂದು ವರ್ಷದಿಂದ ಮರಳಿನ ಅಚ್ಚುಗಳ ನಡುವೆ ಇದ್ದವರು. ಫೋನು ನೋಡಿದರು, ಜೇಬಿಗೆ ಹಾಕಿದರು, ಏಳನೇ ಅಚ್ಚಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ಮೊದಲು ಕೈಯ ಹಿಂಬದಿಯನ್ನು ಮರಳಿಗೆ ತಾಗಿಸಿದರು. ಆಮೇಲೆ ಕನ್ನಡಕ ತೆಗೆದು ಗಾಳಿ ಹೋಗುವ ತೂತಿನ ಮೇಲೆ ಹಿಡಿದರು. ಹಬೆ ಕಟ್ಟಿದೆಯಾ ಎಂದು ಗಾಜು ನೋಡಿದರು, ಪಂಚೆಯಂಚಿನಲ್ಲಿ ಒರೆಸಿದರು, ಮತ್ತೆ ಹಿಡಿದರು. ಅವರಿಗೆ ಅವಸರವೆಂಬುದೇ ಇರಲಿಲ್ಲ. ಅಮೂಲ್ಯ ಕಣ್ಣು ಕೀಳದೆ ನೋಡಿದಳು. ತಾನು ಓದಿದ ಆ ಕೋಡು ಬರೆದವರೂ ಕೂತದ್ದು ಹೀಗೇ ಇರಬೇಕು ಅನ್ನಿಸಿತು.

ಅಷ್ಟರಲ್ಲಿ ಹತ್ತು ನಿಮಿಷ ಕಳೆದು ಎಲ್ಲರ ಜೇಬಿನಲ್ಲೂ ಫೋನು ಒಟ್ಟಿಗೆ ನಡುಗಿತು. "ಏಳನೇ ಅಚ್ಚು: ಚೌಡಯ್ಯನವರಿಂದ ಸರಿ. ಸುರಿಯಬಹುದು."

ಕ್ರೇನು ನಡೆಸುವ ಬೀರಪ್ಪ ಗುಂಡಿ ಒತ್ತಿದ. ಕಾದ ಕಬ್ಬಿಣ ತುಂಬಿದ ತೊಟ್ಟಿ ಅಚ್ಚಿನ ಕಡೆಗೆ ತೇಲಿಬಂತು. ಅಮೂಲ್ಯ ಕೂಗುವ ಮೊದಲೇ ಚೌಡಯ್ಯ ಎದ್ದು ನಿಂತು ಕೈ ಎತ್ತಿದರು. ತೊಟ್ಟಿ ಗಕ್ಕನೆ ನಿಂತಿತು.

"ಗ್ರೂಪಲ್ಲಿ ನಿಮ್ ಹೆಸ್ರಲ್ಲೇ ಬಂದೈತಲ್ಲ ಮೇಸ್ತ್ರೀ!" ಎಂದ ಬೀರಪ್ಪ.

"ನಾನ್ ಇಲ್ಲೇ ಕೂತಿದೀನಲ್ಲೋ. ನನ್ ಬಾಯಲ್ಲಿ ಬಂತಾ?"

ಕರಗಿದ ಕಬ್ಬಿಣವನ್ನು ಪಕ್ಕದ ಸಣ್ಣ ಅಚ್ಚುಗಳಿಗೆ ಸುರಿದು ಮುಗಿಸಿದರು. ಚೌಡಯ್ಯ ಏಳನೆಯದರ ಮೇಲಿನ ಪೆಟ್ಟಿಗೆ ಎತ್ತಿಸಿದರು. ಒಳಗೆ ಒಂದು ಮೂಲೆಯ ಮರಳು ಕಪ್ಪಗೆ, ಇನ್ನೂ ಹಸಿ. ಅದರ ಮೇಲೆ ಕಬ್ಬಿಣ ಬಿದ್ದಿದ್ದರೆ ಆವಿ ಸಿಡಿದು ಸುತ್ತಲಿದ್ದವರ ಮೈಮೇಲೆ ಬರುತ್ತಿತ್ತು.

"ನಾನು ಸುಮ್ನಿದ್ರೆ ಬೇಡ ಅಂತ ಅರ್ಥ ಕಣಮ್ಮ," ಎಂದರು ಚೌಡಯ್ಯ, ಬೈಯುವ ದನಿಯಲ್ಲಲ್ಲ. "ಇಲ್ಲಿ ಎಲ್ರಿಗೂ ಗೊತ್ತು."

"ನನಗೆ ಗೊತ್ತಿರ್ಲಿಲ್ಲ ಚೌಡಯ್ಯನೋರೆ. ಕೇಳ್ಬೇಕಿತ್ತು, ಕೇಳ್ಲಿಲ್ಲ."

ಶೀಲಾ ಫೋನು ಮಾಡಿ ನಡೆದದ್ದನ್ನು ಹೇಳುತ್ತಿದ್ದಂತೆ ಸ್ಪೀಕರಿನಲ್ಲಿ ಜಂಬಣ್ಣನವರ ದನಿ ಏರಿತು. "ಏನಮ್ಮ ಇದು! ಸುಳ್ಳು ಹೇಳೋ ಬಾಟ್ ಇಟ್ಕೊಂಡು ನಾನೇನ್ ಮಾಡ್ಲಿ? ಕಿತ್ತಾಕು ಅದನ್ನ!"

"ಬಾಟ್‌ದು ತಪ್ಪಿಲ್ಲ ಸರ್. ನಾನು ಬರೆದ ಒಂದು ಸಾಲಿನ ತಪ್ಪು. ತಿದ್ದಿದ ಮೇಲೂ ನಿಮಗೆ ಬೇಡ ಅನ್ಸಿದ್ರೆ ನಾನೇ ಕಿತ್ತಾಕಿ ಹೋಗ್ತೀನಿ."

ಬೋರಲು ಹಾಕಿದ ಅಚ್ಚುಪೆಟ್ಟಿಗೆಯ ಮೇಲೆ ಕೂತು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಆ 'ಸರಿ'ಯನ್ನು ಅಳಿಸಿದಳು. ಅಲ್ಲಿ ಏನು ಬರೆಯಬೇಕೆಂದು ಚೌಡಯ್ಯನವರನ್ನೇ ಕೇಳಿದಳು. ಅವರು ಹೇಳಿದ ಹಾಗೆಯೇ ಬರೆದಳು.

"ಈಗ ಮತ್ತೆ ಗ್ರೂಪಲ್ಲಿ ಕೇಳು ಶೀಲಾ," ಎಂದರು ಚೌಡಯ್ಯ.

ಶೀಲಾ ಅದೇ ಪ್ರಶ್ನೆ ಕೇಳಿದಳು. ಚೌಡಯ್ಯ ಫೋನನ್ನು ಅಂಗೈಯಲ್ಲಿಟ್ಟುಕೊಂಡು, ಅಚ್ಚನ್ನು ನೋಡುವಷ್ಟೇ ಗಮನದಿಂದ ಅದನ್ನು ನೋಡುತ್ತ ನಿಂತರು. ಉತ್ತರ ಕೊಡಲಿಲ್ಲ. ಐದು ನಿಮಿಷ. ಎಂಟು. ಕೆಲಸದವರೆಲ್ಲ ಸುತ್ತ ಸೇರಿದರು. ಆ ಕಡೆ ಜಂಬಣ್ಣನವರೂ ಫೋನಿಡದೆ ಕಾದರು. ಬೀರಪ್ಪ ಒಮ್ಮೆ ಕೆಮ್ಮಿದ್ದಕ್ಕೆ ಎಲ್ಲರೂ ತಿರುಗಿ ಅವನನ್ನು ದುರುಗುಟ್ಟಿ ನೋಡಿದರು.

ಹತ್ತನೆಯ ನಿಮಿಷಕ್ಕೆ ಸದ್ದಾಯಿತು. "ಮೇಸ್ತ್ರಿ ಇನ್ನೂ ಹೇಳಿಲ್ಲ. ಸುರಿಯಬೇಡಿ."

ಚೌಡಯ್ಯ ಎರಡು ಸಲ ಓದಿದರು.

"ಇಟ್ಕೊಳ್ಳಿ ಯಜಮಾನ್ರೇ," ಎಂದರು ಸ್ಪೀಕರಿನ ಕಡೆ ಬಾಗಿ. "ಗೊತ್ತಿಲ್ದಾಗ ಕೈ ಕಟ್ಕೊಂಡ್ ನಿಲ್ಲೋದು ಕಲ್ತೈತೆ. ಬೀರಪ್ಪನಿಗೆ ಅಷ್ಟು ಕಲ್ಸೋಕೆ ನಂಗೆ ನಾಕ್ ವರ್ಷ ಹಿಡೀತು."

ಎಲ್ಲರೂ ನಕ್ಕರು, ಬೀರಪ್ಪನೂ ಸೇರಿ. ಜಂಬಣ್ಣ ಮಾತ್ರ ಬಹಳ ಹೊತ್ತು ಏನೂ ಅನ್ನಲಿಲ್ಲ. ಆ ಮೌನಕ್ಕೆ ಯಾವ ಅರ್ಥ ಹಚ್ಚಬೇಕೋ ಅಮೂಲ್ಯಳಿಗೆ ತಿಳಿಯಲಿಲ್ಲ. ಈ ಸಲ ಅವಳು ಊಹಿಸಲು ಹೋಗಲೂ ಇಲ್ಲ.

"ಸೋಮವಾರದಿಂದ ಆಫೀಸಿಗೆ ಬರ್ಬೇಡ," ಎಂದರು ಕೊನೆಗೆ. "ಭದ್ರಾವತೀಲೇ ಕೂತ್ಕೊ. ಪರ್ಮನೆಂಟ್ ಲೆಟರು ಅಲ್ಲಿಗೇ ಕಳಿಸ್ತೀನಿ. ಇದು ಇಲ್ಲಿ ಕೂತು ಬರೆಯೋ ಕೆಲ್ಸ ಅಲ್ಲ."

ಅಮೂಲ್ಯ "ಹೂಂ ಸರ್" ಎಂದಳು. ಅಷ್ಟರಲ್ಲಿ ಚೌಡಯ್ಯ ಅಚ್ಚಿನ ಹಸಿ ಮೂಲೆ ಒಣಗಲೆಂದು ಅದಕ್ಕೆ ಬೆಂಕಿಯ ಕೊಳವೆ ಹಿಡಿಸುತ್ತಿದ್ದರು. ಅವಳು ಲ್ಯಾಪ್‌ಟಾಪ್ ಮುಚ್ಚಿಟ್ಟು ಅವರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಅವರು ತಿರುಗಿ ನೋಡದೆ ಅವಳಿಗೂ ಕಾಣುವಂತೆ ಸ್ವಲ್ಪ ಸರಿದರು.