ಸೊಂಟದ ಸುತ್ತಿಗೆ

ಬೆಲ್ಟು ಬಿಚ್ಚಿಟ್ಟದ್ದೇ ತಡ, ಮುಳ್ಳು ಸರಿಯಿತು.

ಅವನು ಕಂಪಾಸನ್ನು ಬೆರಳಿನಿಂದ ತಟ್ಟಿ ನೋಡಿದ. ಬೆಲ್ಟನ್ನು ಮತ್ತೆ ಕಟ್ಟಿಕೊಂಡ. ಮುಳ್ಳು ತೆವಳಿಕೊಂಡು ಹಳೆಯ ಜಾಗಕ್ಕೇ ಬಂತು. ಬಿಚ್ಚಿ ದೂರ ಎಸೆದ. ಮತ್ತೆ ಸರಿಯಿತು, ಪೂರಾ ಇಪ್ಪತ್ತು ಡಿಗ್ರಿ. ಬೆಲ್ಟಿಗೆ ಸಿಕ್ಕಿಸಿದ್ದ ಉಕ್ಕಿನ ಸುತ್ತಿಗೆ ತನಗೇನೂ ಗೊತ್ತಿಲ್ಲವೆಂಬಂತೆ ಹುಲ್ಲಿನಲ್ಲಿ ಬಿದ್ದಿತ್ತು.

ಕಬ್ಬಿಣದ ಹತ್ತಿರ ಕಂಪಾಸು ಹಿಡಿಯಬಾರದು. ಭೂವಿಜ್ಞಾನ ಓದುವವರಿಗೆ ಇದು ಮೊದಲ ಪಾಠ. ಅದನ್ನು ವರ್ಷವರ್ಷವೂ ಹೊಸಬರಿಗೆ ಹೇಳಿಕೊಡುತ್ತಿದ್ದವನು ಅವನೇ, ಸೊಂಟದಲ್ಲಿ ಸುತ್ತಿಗೆ ತೂಗಿಸಿಕೊಂಡು. ನಗು ಬಂತು. ಆಮೇಲೆ ತನ್ನ ಪಿಎಚ್.ಡಿ. ಪ್ರಬಂಧ ನೆನಪಾಯಿತು.

ಸುತ್ತಿಗೆ ಪ್ರೊಫೆಸರರದು. ಮಂಡಿನೋವಿನಿಂದ ಅವರು ಗುಡ್ಡ ಹತ್ತುವುದನ್ನು ಬಿಟ್ಟ ವರ್ಷ ತಮ್ಮ ಕೈಯಾರೆ ಅವನ ಸೊಂಟಕ್ಕೆ ಕಟ್ಟಿದ್ದರು. ಸುತ್ತಿಗೆ ಎಡಗಡೆಗಿರಬೇಕು, ಬಂಡೆಯೆದುರು ಹೀಗೇ ಬಗ್ಗಬೇಕು ಎಂದು ತೋರಿಸಿಕೊಟ್ಟಿದ್ದರು. ಅವನು ಹಾಗೇ ಬಗ್ಗಿದ್ದ. ಈ ಗುಡ್ಡದ ಕಲ್ಲುಪದರಗಳು ಯಾವ ದಿಕ್ಕಿಗೆ ವಾಲಿವೆ ಎಂದು ಅವರು ಬರೆದ ನಕ್ಷೆಗೂ ಅವನ ಅಳತೆಗೂ ಕೂದಲೆಳೆಯಷ್ಟೂ ವ್ಯತ್ಯಾಸ ಬಂದಿರಲಿಲ್ಲ. ಅದೇ ಅವನ ಪ್ರಬಂಧದ ಹೆಚ್ಚುಗಾರಿಕೆ: ಗುರುಗಳ ನಕ್ಷೆ ಸರಿಯೆಂದು ಶಿಷ್ಯ ಸ್ವತಂತ್ರವಾಗಿ ಸಾಬೀತು ಮಾಡಿದ್ದ. ಪ್ರಬಂಧ ಪಾಸಾದರೆ ವಿಭಾಗದಲ್ಲಿ ಖಾಲಿಯಿದ್ದ ಮೇಷ್ಟರ ಹುದ್ದೆ ಅವನದು. ಮಾವನವರಂತೂ ಬಂದಾಗಲೆಲ್ಲ ಮಗಳನ್ನು ಕೇಳುತ್ತಿದ್ದರು, "ನಿಮ್ಮ ಯಜಮಾನ್ರು ಇನ್ನೂ ಓದ್ತಾನೇ ಇದ್ದಾರೇನಮ್ಮಾ?"

ಕೆಳಗಿನಿಂದ ನಗು ಕೇಳಿಸಿತು. ಅಂತಿಮ ವರ್ಷದವರಿಗೆ ಇವತ್ತು ಗುಡ್ಡದ ಇಳಿಜಾರಿನಲ್ಲೇ ಪರೀಕ್ಷೆ. ಅವನು ಬೆಲ್ಟನ್ನು ಕೈಯಲ್ಲಿ ಹಿಡಿದು ಇಳಿದ.

ಮಡಿಸುವ ಕುರ್ಚಿಯಲ್ಲಿ ಪ್ರೊಫೆಸರರು ಕೂತಿದ್ದರು. ಎದುರಿಗೆ, ವಿಭಾಗದಲ್ಲೆಲ್ಲ ಹಟಮಾರಿ ಎಂದೇ ಹೆಸರಾದ ಹುಡುಗಿ. ಉಳಿದವರು ನಕ್ಷೆಯಲ್ಲಿದ್ದ ಉತ್ತರ ಬರೆದುಕೊಟ್ಟು ನೆರಳಲ್ಲಿ ಕಾಲು ಚಾಚಿದ್ದರು. ಇವಳು ಒಬ್ಬಳೇ ಬಂಡೆಯನ್ನು ಅಳೆದಿದ್ದಳು.

"ನಾಲ್ಕು ಸಲ ನೋಡ್ದೆ ಸರ್. ಹೀಗೇ ಬರುತ್ತೆ."

"ಹಾಗಾದ್ರೆ ಬಂಡೇನೇ ತಪ್ಪು ಅನ್ನು."

ಹುಡುಗರು ಮತ್ತೆ ನಕ್ಕರು. ಅವಳು ನಗಲಿಲ್ಲ. ಹೋದ ವರ್ಷವೂ ಇದೇ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಇನ್ನೊಮ್ಮೆ ಆದರೆ ಕೋರ್ಸಿನಿಂದಲೇ ಹೊರಗೆ. ಅವನು ಅವಳ ಅಂಕಿಯನ್ನು ಇಣುಕಿ ನೋಡಿದ. ಬೆಲ್ಟು ಬಿಚ್ಚಿದಾಗ ತನಗೆ ಬಂದ ಅಂಕಿಯೇ. ಅವಳ ಸುತ್ತಿಗೆ ಅಷ್ಟು ದೂರದಲ್ಲಿ, ಚೀಲದೊಳಗಿತ್ತು. ಅವನು ಹೇಳಿಕೊಟ್ಟ ಹಾಗೆ.

"ಇವರನ್ನ ಕಳಿಸಿ ಸರ್, ಒಂದ್ನಿಮಿಷ ಮಾತಾಡ್ಬೇಕು."

ಎಲ್ಲರೂ ಆಚೆ ಹೋದ ಮೇಲೆ ಹೇಳಿದ. "ಈ ಸುತ್ತಿಗೆ ಮುಳ್ಳನ್ನ ಎಳೀತಿದೆ ಸರ್."

"ಎಷ್ಟು?"

"ಇಪ್ಪತ್ತು."

"ಹೂಂ. ಹೆಚ್ಚುಕಮ್ಮಿ ಅಷ್ಟೇ."

ಅವರು ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದ. ಬೆಚ್ಚಿದವನು ಅವನು.

"ನಿಮಗೆ ಗೊತ್ತಿತ್ತಾ?"

"ನಕ್ಷೆ ಅಚ್ಚಾದ್ಮೇಲೆ ಗೊತ್ತಾಯ್ತು." ಅವರು ಮಂಡಿ ಸವರಿಕೊಂಡರು. "ಅಷ್ಟು ಹೊತ್ತಿಗೆ ಅದನ್ನ ನೋಡ್ಕೊಂಡು ಬೇರೆಯವರೂ ನಕ್ಷೆ ಬರೆದಿದ್ರು. ಎಲ್ಲಾ ಒಂದಕ್ಕೊಂದು ಚೆನ್ನಾಗಿ ಹೊಂದುತ್ತೆ."

"ಗುಡ್ಡಕ್ಕೆ ಹೊಂದಲ್ವಲ್ಲ ಸರ್."

"ಗುಡ್ಡದ್ದೇನು ಬಿಡಪ್ಪಾ, ಕೆಲಸಕ್ಕೆ ಅರ್ಜಿ ಹಾಕಿದ್ಯಾ?"

ಗೊತ್ತಿದ್ದೂ ಗೊತ್ತಿದ್ದೂ ತನ್ನ ಸೊಂಟಕ್ಕೆ ಕಟ್ಟಿದ್ದರು. ಅವನ ಮೈಯೆಲ್ಲ ಉರಿಯಿತು. ಆ ಕುರ್ಚಿಯನ್ನು ಅವರ ಸಮೇತ ಎತ್ತಿ ಎಸೆಯಬೇಕೆನ್ನಿಸಿತು. ಬಾಯಿಂದ ಹೊರಟದ್ದು ಬೇರೆ.

"ಆ ಹುಡುಗಿ ಸರ್?"

"ಪಾಸ್ ಮಾಡಿಸು. ಬೇಡ ಅಂದವರು ಯಾರು?"

ಅವನು ಸ್ವಲ್ಪ ಹೊತ್ತು ನಿಂತ. ನಿಂತದ್ದು ಯೋಚಿಸಲಿಕ್ಕಲ್ಲ, ಯೋಚಿಸಿದ ಹಾಗೆ ತನಗೆ ತಾನೇ ಕಾಣಿಸಿಕೊಳ್ಳಲಿಕ್ಕೆ. ಆಮೇಲೆ ಹುಡುಗಿಯನ್ನು ಬಂಡೆಯ ಹತ್ತಿರ ಕರೆದು ಬೆಲ್ಟು ಚಾಚಿದ.

"ಇದನ್ನ ಕಟ್ಕೊಂಡು ಇನ್ನೊಂದ್ಸಲ ನೋಡು."

"ಕಬ್ಬಿಣ ಹತ್ರ ಇರಬಾರ್ದು ಅಂತ ನೀವೇ ಹೇಳಿದ್ರಲ್ಲಣ್ಣ."

"ಕಟ್ಕೊ. ಸರಿ ಬರುತ್ತೆ."

ಅವಳು ಅವನ ಮುಖ ನೋಡಿದಳು. ಸುತ್ತಿಗೆಯನ್ನು ನೋಡಿದಳು. ಬೆಲ್ಟು ಅವಳಿಗೆ ದೊಡ್ಡದು. ಕೊನೆಯ ತೂತಿಗೆ ಸಿಕ್ಕಿಸಿ ಬಿಗಿದುಕೊಂಡು, ಅವನು ತೋರಿಸಿದ ಹಾಗೆ ಬಗ್ಗಿದಳು.

"ಬಂತು," ಎಂದಳು. ಅವಳ ದನಿಯಲ್ಲಿ ಖುಷಿಯಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನೆಮ್ಮದಿಯಾಯಿತು. ಆ ನೆಮ್ಮದಿಯನ್ನು ಕಂಡು ಅವನಿಗೇ ಅಸಹ್ಯವಾಯಿತು.

ಪ್ರೊಫೆಸರರು ತಲೆದೂಗಿದರು. "ನೋಡಿದ್ಯಾ, ಹಟ ಬಿಟ್ರೆ ಎಲ್ಲಾ ಬರುತ್ತೆ. ಬೆಲ್ಟು ನಿನ್ನ ಹತ್ರಾನೇ ಇರ್ಲಿ. ವಾಪಸ್ ದಾರೀನೂ ನೀನೇ ತೋರ್ಸು."

ಪರೀಕ್ಷೆ ಮುಗಿದ ಮೇಲೆ ಪ್ರೊಫೆಸರರು ಹೇಳಿದವರು ಕಂಪಾಸು ಹಿಡಿದು, ಕುರುಚಲು ಕಾಡಿನ ನಡುವೆ ಉಳಿದವರನ್ನು ಬಸ್ಸಿನವರೆಗೆ ಕರೆದೊಯ್ಯುವುದು ವಿಭಾಗದ ರೂಢಿ. ಮುಂದಿನವರ ಹೆಜ್ಜೆಯಲ್ಲೇ ಹೆಜ್ಜೆಯಿಡಬೇಕು. ಪ್ರೊಫೆಸರರು ಜೀಪು ಹತ್ತಿ ಹೋದರು. ಹುಡುಗಿ ಬೆಲ್ಟು ಬಿಚ್ಚಲಿಲ್ಲ. ಕಂಪಾಸನ್ನು ಎದೆಯ ಮುಂದೆ ಹಿಡಿದು, ಹಿಂತಿರುಗಿ ನೋಡದೆ ನಡೆದಳು. ಹುಡುಗರು ಸಾಲು ಹಿಡಿದರು.

ಅವನು ಕುರ್ಚಿ ಮಡಿಸುತ್ತ ಎತ್ತರದಲ್ಲಿ ನಿಂತಿದ್ದ. ಅಲ್ಲಿಂದ ಬಸ್ಸಿನ ಚಾವಣಿ ಕಾಣುತ್ತಿತ್ತು, ದೂರ ಎಡಕ್ಕೆ. ಸಾಲು ಬಲಕ್ಕೆ ಹೋಗುತ್ತಿತ್ತು, ದಾರ ಹಿಡಿದಷ್ಟು ನೆಟ್ಟಗೆ. ಒಂದು ಕೂಗು ಹಾಕಿದ್ದರೆ ಸಾಕಿತ್ತು.

ಕುರ್ಚಿಯನ್ನು ಹೆಗಲಿಗೇರಿಸಿ ದಡದಡ ಇಳಿದ. ಸಾಲಿನ ತುದಿಯನ್ನು ಮುಟ್ಟಿದಾಗ ಏದುಸಿರು ಬರುತ್ತಿತ್ತು. ಎಡಗಡೆಯಿಂದ ಡ್ರೈವರು ಹಾರ್ನ್ ಹೊಡೆದ. ಯಾರೂ ತಿರುಗಲಿಲ್ಲ. ಅವನು ಮುಂದಿನವನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟ. ಇನ್ನೊಂದು ಹಾರ್ನ್, ಈ ಸಲ ಬೆನ್ನ ಹಿಂದಿನಿಂದ.